ನೋಡುವ ಜಗತ್ತು, ಮುಟ್ಟಿದರೆ ಉತ್ತರಿಸುವ ಜಗತ್ತು: ವಿಡಿಯೋ ಗೇಮ್‌ಗಳ ಭೌತಶಾಸ್ತ್ರ ಮತ್ತು ಗ್ರಾಫಿಕ್ಸ್ ಕುರಿತು ಚರ್ಚೆ

ಗುರುತ್ವ:

ಆಟವೊಂದು ತಾಂತ್ರಿಕವಾಗಿ ಮೆಚ್ಚುಗೆ ಗಳಿಸಿತೆಂದರೆ ಅದರ ನೆರಳು, ನೀರು, ಮುಖದ ಮೇಲಿನ ಬೆವರ ಹನಿ ಎಷ್ಟು ಸಹಜವಾಗಿವೆ ಎಂಬ ಮಾತೇ ಹೆಚ್ಚಾಗಿ ಕೇಳಿಬರುತ್ತದೆ. ಅಂಥ ಚಿತ್ರಗಳನ್ನು ನೋಡಿ ನಾನೂ ಬೆರಗಾಗಿದ್ದೇನೆ. ಆದರೆ ಇಷ್ಟು ವರ್ಷ ಆಡಿದ ಮೇಲೂ ನನ್ನ ಮನಸ್ಸಿನಲ್ಲಿ ಉಳಿದಿರುವ ಆಟಗಳು ಬೇರೆ ಬಗೆಯವು. ಅವುಗಳಲ್ಲಿ ಭಾರ, ಘರ್ಷಣೆ, ಬೆಂಕಿ, ಹರಿವು ಇವೆಲ್ಲವೂ ಆಟಗಾರರು ನಂಬಿ ಲೆಕ್ಕ ಹಾಕಬಹುದಾದ ನಿಯಮಗಳಾಗಿವೆ. ಆ ಬಗೆಯ ಆಟಗಳ ಬಗ್ಗೆ ನಿಮ್ಮೆಲ್ಲರ ಅನುಭವವನ್ನು ಕೇಳಬೇಕೆಂದು ಈ ಚರ್ಚೆಯನ್ನು ಆರಂಭಿಸುತ್ತಿದ್ದೇನೆ.

ನನ್ನ ಮಟ್ಟಿಗೆ ಇದು ಶುರುವಾದದ್ದು 2004ರಲ್ಲಿ ಬಂದ 'ಹಾಫ್-ಲೈಫ್ 2'ರಿಂದ. ವಾಲ್ವ್ ಸಂಸ್ಥೆಯವರು ಹ್ಯಾವೊಕ್ ಎಂಬ ಫಿಸಿಕ್ಸ್ ಎಂಜಿನ್ ಅನ್ನು, ಅಂದರೆ ವಸ್ತುಗಳ ಚಲನೆ, ಡಿಕ್ಕಿಗಳನ್ನು ಲೆಕ್ಕ ಹಾಕುವ ತಂತ್ರಾಂಶವನ್ನು, ತಮಗೆ ಬೇಕಾದಂತೆ ತಿದ್ದಿಕೊಂಡು ಆ ಆಟದಲ್ಲಿ ಬಳಸಿದ್ದರು. ಆಟದ ಆರಂಭದ ಭಾಗದಲ್ಲಿ ಏತದಂತೆ ಮೇಲೆ ಕೆಳಗೆ ಆಡುವ ಒಂದು ಹಲಗೆ ಎದುರಾಗುತ್ತದೆ. ಅದರ ಒಂದು ತುದಿಗೆ ಕಾಂಕ್ರೀಟ್ ಇಟ್ಟಿಗೆಗಳನ್ನು ಪೇರಿಸಿದರೆ ಇನ್ನೊಂದು ತುದಿ ಮೇಲೇಳುತ್ತದೆ, ಅದನ್ನು ಹತ್ತಿ ಮುಂದೆ ಹೋಗಬೇಕು. ಎಷ್ಟು ಇಟ್ಟಿಗೆ ಬೇಕೆಂದು ಆಟ ಹೇಳುವುದಿಲ್ಲ. ಭಾರವಾದದ್ದು ಕೆಳಗಿಳಿಯುತ್ತದೆ ಎಂದು ನಾವು ಹೊರಗಿನ ಬದುಕಿನಲ್ಲಿ ಕಲಿತದ್ದೇ ಅಲ್ಲಿ ಕೆಲಸಕ್ಕೆ ಬರುತ್ತದೆ. ಇದಕ್ಕೂ ಮೊದಲು, 1998ರಲ್ಲಿ, 'ಟ್ರೆಸ್‌ಪಾಸರ್' ಎಂಬ ಆಟ ಇದೇ ಕನಸನ್ನು ಕಂಡಿತ್ತು: ಅದರಲ್ಲಿ ಪಾತ್ರದ ಕೈಯನ್ನೇ ಆಟಗಾರರು ಚಲಾಯಿಸಿ ವಸ್ತುಗಳನ್ನು ಹಿಡಿಯಬೇಕಿತ್ತು. ಅಂದಿನ ಕಂಪ್ಯೂಟರ್‌ಗಳಿಗೆ ಆ ಹೊರೆ ತಾಳಲಿಲ್ಲ, ಆಟವೂ ಸೋತಿತು. ಆದರೂ ದಾರಿ ತೋರಿದವರ ಸಾಲಿನಲ್ಲಿ ಅದರ ಹೆಸರು ಇರಲೇಬೇಕು.

ಇತ್ತೀಚಿನವುಗಳಲ್ಲಿ ನನ್ನ ಆಯ್ಕೆ 'ಟಿಯರ್‌ಡೌನ್'. ಸ್ವೀಡನ್ನಿನ ಟಕ್ಸೀಡೋ ಲ್ಯಾಬ್ಸ್ ಎಂಬ ಸಣ್ಣ ತಂಡ ಅದನ್ನು 2020ರಲ್ಲಿ ಆರಂಭಿಕ ರೂಪದಲ್ಲಿಯೂ 2022ರಲ್ಲಿ ಪೂರ್ಣ ರೂಪದಲ್ಲಿಯೂ ಹೊರತಂದಿತು. ಅಲ್ಲಿನ ಇಡೀ ಜಗತ್ತು ಸುಮಾರು 10 ಸೆಂಟಿಮೀಟರ್ ಅಳತೆಯ ವೋಕ್ಸೆಲ್‌ಗಳಿಂದ, ಅಂದರೆ ಪುಟ್ಟ ಘನಗಳಿಂದ ಕಟ್ಟಲ್ಪಟ್ಟಿದೆ. ಗೋಡೆಯ ಒಂದು ಭಾಗ ಉಳಿದ ಕಟ್ಟಡದಿಂದ ಸಂಪೂರ್ಣವಾಗಿ ಬೇರ್ಪಟ್ಟ ಕ್ಷಣದಲ್ಲೇ ಅದು ತನ್ನದೇ ತೂಕವುಳ್ಳ ಪ್ರತ್ಯೇಕ ವಸ್ತುವಾಗಿ ಬೀಳುತ್ತದೆ. ಕದಿಯಬೇಕಾದ ವಸ್ತುಗಳ ನಡುವೆ ಓಡುವ ದಾರಿಯನ್ನು ಆಟಗಾರರೇ ಗೋಡೆ ಒಡೆದು, ಹಲಗೆ ಜೋಡಿಸಿ, ವಾಹನ ನಿಲ್ಲಿಸಿ ಮೊದಲೇ ಸಿದ್ಧಪಡಿಸಿಕೊಳ್ಳಬೇಕು. ಒಡೆಯುವ ತಂತ್ರಜ್ಞಾನವನ್ನು ತೆಗೆದುಹಾಕಿದರೆ ಆಟವೇ ಉಳಿಯುವುದಿಲ್ಲ. ನಾನು ಬಳಸುವ ಅಳತೆಗೋಲು ಇದೊಂದೇ.

ನೆರಳುಬೆಳಕು:

ಗುರುತ್ವ ಅವರೇ, ನಿಮ್ಮ ಅಳತೆಗೋಲನ್ನು ಒಪ್ಪುತ್ತೇನೆ, ಆದರೆ ಬೆಳಕನ್ನು ನೀವು ಕೇವಲ ನೋಟದ ಸಂಗತಿಯಾಗಿ ಬದಿಗಿರಿಸಿದ್ದಕ್ಕೆ ನನ್ನ ಆಕ್ಷೇಪವಿದೆ. ಬೆಳಕೂ ಭೌತಶಾಸ್ತ್ರವೇ. ಒಂದು ಬಿಂದುವಿನಿಂದ ಹೊರಡುವ ಬೆಳಕು, ಅದು ತಾನೇ ಸೂಸುವ ಬೆಳಕು ಮತ್ತು ಸುತ್ತಲಿನ ಎಲ್ಲ ದಿಕ್ಕುಗಳಿಂದ ಬಂದು ಪ್ರತಿಫಲಿಸುವ ಬೆಳಕಿನ ಮೊತ್ತ ಎಂಬುದನ್ನು ಜೇಮ್ಸ್ ಕಜಿಯಾ 1986ರಲ್ಲಿ ಒಂದು ಸಮೀಕರಣವಾಗಿ ಬರೆದಿಟ್ಟರು. ಅಲ್ಲಿಂದೀಚೆಗೆ ಆಟಗಳ ಗ್ರಾಫಿಕ್ಸ್ ಸಾಧಿಸಿದ್ದರ ಬಹುಪಾಲನ್ನು ಆ ಸಮೀಕರಣಕ್ಕೆ ಕ್ಷಣಾರ್ಧದಲ್ಲಿ ಉತ್ತರ ಹುಡುಕುವ ಯತ್ನವೆಂದೇ ಕರೆಯಬಹುದು.

ನೀವು ಹೆಸರಿಸಿದ 'ಹಾಫ್-ಲೈಫ್ 2'ನ್ನೇ ತೆಗೆದುಕೊಳ್ಳಿ. ಅಲ್ಲಿ ಗೋಡೆಗಳ ಮೇಲೆ ಬಿದ್ದಿರುವ ಸೊಗಸಾದ ಬೆಳಕನ್ನು ಆಟ ತಯಾರಾಗುವಾಗಲೇ ಗಂಟೆಗಟ್ಟಲೆ ಲೆಕ್ಕ ಹಾಕಿ ಚಿತ್ರದಂತೆ ಅಂಟಿಸಿರುತ್ತಾರೆ. ಗೋಡೆ ಅಲುಗಾಡದಿರುವ ತನಕ ಮಾತ್ರ ಆ ಬೆಳಕು ನಿಜ. ಗೋಡೆಯನ್ನು ಒಡೆದರೆ ಇಲ್ಲದ ಗೋಡೆಯ ನೆರಳು ನೆಲದ ಮೇಲೆ ಹಾಗೆಯೇ ಉಳಿದುಬಿಡುತ್ತದೆ. ಆದ್ದರಿಂದ ಆಟಗಳ ಜಗತ್ತು ದಶಕಗಳ ಕಾಲ ಕಲ್ಲಿನಂತೆ ಸ್ಥಿರವಾಗಿ ಉಳಿದುದಕ್ಕೆ ಫಿಸಿಕ್ಸ್ ಎಂಜಿನ್‌ಗಳ ದೌರ್ಬಲ್ಯ ಎಷ್ಟು ಕಾರಣವೋ ಬೆಳಕಿನ ಲೆಕ್ಕವನ್ನು ಮತ್ತೆ ಮಾಡಲಾಗದಿದ್ದುದೂ ಅಷ್ಟೇ ಕಾರಣ ಎಂಬುದು ನನ್ನ ದೃಢವಾದ ಅಭಿಪ್ರಾಯ.

ಈ ಗಂಟು ಬಿಚ್ಚತೊಡಗಿದ್ದು 2018ರಲ್ಲಿ, ರೇ ಟ್ರೇಸಿಂಗಿಗೆಂದೇ, ಅಂದರೆ ಬೆಳಕಿನ ಕಿರಣಗಳ ದಾರಿಯನ್ನು ಹಿಂಬಾಲಿಸಿ ಲೆಕ್ಕ ಹಾಕುವುದಕ್ಕೆಂದೇ, ಪ್ರತ್ಯೇಕ ಘಟಕಗಳುಳ್ಳ ಎನ್‌ವಿಡಿಯಾದ ಆರ್‌ಟಿಎಕ್ಸ್ 20 ಸರಣಿಯ ಗ್ರಾಫಿಕ್ಸ್ ಕಾರ್ಡ್‌ಗಳು ಬಂದಾಗ. ಮರುವರ್ಷ 1997ರ 'ಕ್ವೇಕ್ 2' ಆಟವನ್ನು ಸಂಪೂರ್ಣ ಪಾತ್ ಟ್ರೇಸಿಂಗಿನಲ್ಲಿ (ಕಿರಣ ಹಲವು ಸಲ ಪ್ರತಿಫಲಿಸುವುದನ್ನೂ ಹಿಂಬಾಲಿಸುವ ವಿಧಾನದಲ್ಲಿ) ತೋರಿಸುವ 'ಕ್ವೇಕ್ 2 ಆರ್‌ಟಿಎಕ್ಸ್' ಬಂತು. ಜಾಗಗಳ ವಿನ್ಯಾಸ ಅದೇ ಹಳೆಯದು, ಆದರೆ ಕಿರಣವೊಂದು ಕಿಟಕಿಯಿಂದ ಒಳಬಂದು ನೆಲಕ್ಕೆ ಬಡಿದು ಛಾವಣಿಯನ್ನು ಬೆಳಗುವ ರೀತಿ ಮಾತ್ರ ಪೂರ್ತಿ ಹೊಸದು. 2021ರ 'ಮೆಟ್ರೋ ಎಕ್ಸೋಡಸ್ ಎನ್‌ಹ್ಯಾನ್ಸ್ಡ್ ಎಡಿಷನ್' ರೇ ಟ್ರೇಸಿಂಗ್ ಇಲ್ಲದ ಕಾರ್ಡ್‌ಗಳನ್ನೇ ಕೈಬಿಟ್ಟಿತು. 2023ರಲ್ಲಿ 'ಸೈಬರ್‌ಪಂಕ್ 2077' ಒಂದು ಇಡೀ ನಗರಕ್ಕೆ ಪಾತ್ ಟ್ರೇಸಿಂಗ್ ತಂದಿತು. ಇಷ್ಟಾದರೂ ಒಂದು ಪಿಕ್ಸೆಲ್‌ಗೆ, ಅಂದರೆ ಪರದೆಯ ಒಂದು ಚುಕ್ಕೆಗೆ, ಕೆಲವೇ ಕಿರಣಗಳನ್ನು ಕಳಿಸಲು ಸಮಯವಿರುತ್ತದೆ. ಅದರಿಂದ ಹುಟ್ಟುವ ಚಿತ್ರ ಚುಕ್ಕೆಚುಕ್ಕೆಯಾಗಿರುತ್ತದೆ. ಹಿಂದಿನ ಫ್ರೇಮ್‌ಗಳ, ಅಂದರೆ ಈಗಷ್ಟೇ ತೋರಿಸಿದ ಚಿತ್ರಗಳ, ಮಾಹಿತಿಯನ್ನು ಕೂಡಿಸಿಕೊಂಡು, ಅಕ್ಕಪಕ್ಕದ ಪಿಕ್ಸೆಲ್‌ಗಳಿಂದ ಊಹಿಸಿ, ಆ ಚುಕ್ಕೆಗಳನ್ನು ನಯಗೊಳಿಸುವ ವಿಧಾನಗಳೇ ಇಂದಿನ ಗ್ರಾಫಿಕ್ಸಿನ ನಿಜವಾದ ಜಾಣ್ಮೆ ಎಂದು ನನಗೆ ಅನ್ನಿಸುತ್ತದೆ.

ಚಾಲಕ:

ಇಬ್ಬರೂ ಕಟ್ಟಡಗಳ ಬಗ್ಗೆಯೇ ಮಾತನಾಡುತ್ತಿದ್ದೀರಿ. ವಾಹನಗಳ ವಿಷಯವನ್ನು ನಾನು ಸೇರಿಸುತ್ತೇನೆ. ಜರ್ಮನಿಯಲ್ಲಿ ತಯಾರಾದ 'ಬೀಮ್‌ಎನ್‌ಜಿ.ಡ್ರೈವ್' ಕಾರನ್ನು ಗಟ್ಟಿ ಪೆಟ್ಟಿಗೆಯಾಗಿ ಕಾಣುವುದಿಲ್ಲ. ತೂಕವುಳ್ಳ ನೂರಾರು ಬಿಂದುಗಳು, ಅವುಗಳನ್ನು ಬೆಸೆಯುವ ಸ್ಪ್ರಿಂಗಿನಂಥ ತೊಲೆಗಳು, ಇಷ್ಟರಿಂದಲೇ ಇಡೀ ವಾಹನ ರಚಿತವಾಗಿದೆ. ತೊಲೆಯೊಂದರ ಮೇಲೆ ಬಲ ಮಿತಿ ಮೀರಿದರೆ ಅದು ಶಾಶ್ವತವಾಗಿ ಬಾಗುತ್ತದೆ, ಇನ್ನೂ ಮೀರಿದರೆ ಮುರಿಯುತ್ತದೆ. ಹೀಗಾಗಿ ಅಪಘಾತದ ನಂತರ ಕಾರು ಜಜ್ಜಿದಂತೆ ಕಾಣುವುದಷ್ಟೇ ಅಲ್ಲ, ಮುಂದಿನ ಚಕ್ರದ ಸಸ್ಪೆನ್ಷನ್ ಬಾಗಿದ್ದರೆ ಸ್ಟೀರಿಂಗ್ ಒಂದು ಬದಿಗೆ ಎಳೆಯುತ್ತದೆ, ರೇಡಿಯೇಟರ್ ಒಡೆದಿದ್ದರೆ ಸ್ವಲ್ಪ ಹೊತ್ತಿನಲ್ಲಿ ಎಂಜಿನ್ ಕಾದು ಕೆಡುತ್ತದೆ.

ಈ ಲೆಕ್ಕ ಸೆಕೆಂಡಿಗೆ 2000 ಸಲ ನಡೆಯುತ್ತದೆ. ಪರದೆಯ ಮೇಲಿನ ಚಿತ್ರ ಸೆಕೆಂಡಿಗೆ 60 ಸಲ ಬದಲಾದರೆ ಸಾಕಾಗಿರುವಾಗ ಇಷ್ಟೊಂದು ಏಕೆ ಎಂದು ನಾನೂ ಮೊದಲು ಯೋಚಿಸಿದ್ದೆ. ಉಕ್ಕಿನಂಥ ಬಿಗಿಯಾದ ವಸ್ತುವನ್ನು ಸ್ಪ್ರಿಂಗ್ ರೂಪದಲ್ಲಿ ಲೆಕ್ಕ ಹಾಕುವಾಗ ಕಾಲದ ಹೆಜ್ಜೆ ಕೊಂಚ ದೊಡ್ಡದಾದರೂ ಪ್ರತಿ ಹೆಜ್ಜೆಯಲ್ಲಿಯೂ ತಪ್ಪು ಬೆಳೆದು, ಕಾರು ನಿಂತಲ್ಲೇ ನಡುಗಿ ಸಿಡಿದುಹೋಗುತ್ತದೆ. ಬಿಗಿ ಹೆಚ್ಚಿದಷ್ಟೂ ಹೆಜ್ಜೆ ಚಿಕ್ಕದಾಗಬೇಕು. ಕಣ್ಣಿಗೆ ಕಾಣದ ಈ ಶ್ರಮವೇ ಆ ಆಟದ ಹೆಮ್ಮೆ, ಮತ್ತು ಒಂದೇ ದೃಶ್ಯದಲ್ಲಿ ವಾಹನಗಳ ಸಂಖ್ಯೆ ಹೆಚ್ಚಿದಂತೆ ಪ್ರೊಸೆಸರ್ ಬಳಲುವುದಕ್ಕೂ ಅದೇ ಕಾರಣ.

ಹೊಸ ಓದುಗ:

ನಾನು ಈ ವಿಷಯಕ್ಕೆ ಹೊಸಬ. ಗ್ರಾಫಿಕ್ಸ್ ಕಾರ್ಡ್‌ಗಳ ಶಕ್ತಿ ಇಷ್ಟೊಂದು ಹೆಚ್ಚಿರುವಾಗ, ದೊಡ್ಡ ಬಜೆಟ್ಟಿನ ಆಟಗಳಲ್ಲಿ ಮರದ ಕುರ್ಚಿಯೂ ಕೆಲವೊಮ್ಮೆ ನೆಲಕ್ಕೆ ಅಂಟಿಕೊಂಡಿರುವುದೇಕೆ? ಸಣ್ಣ ತಂಡಗಳು ಮಾಡಬಲ್ಲದ್ದನ್ನು ದೊಡ್ಡ ಸಂಸ್ಥೆಗಳು ಏಕೆ ಮಾಡುತ್ತಿಲ್ಲ ಎಂದು ಯಾರಾದರೂ ವಿವರಿಸುವಿರಾ?

ಸಮಯಮಿತಿ:

ಒಳ್ಳೆಯ ಪ್ರಶ್ನೆ. ಸಿಮ್ಯುಲೇಷನ್ ತಂತ್ರಾಂಶಗಳಲ್ಲಿ ಕೆಲಸ ಮಾಡುವವನಾಗಿ ನನಗೆ ತಿಳಿದ ಮಟ್ಟಿಗೆ ಉತ್ತರಿಸುತ್ತೇನೆ, ಸ್ವಲ್ಪ ದೀರ್ಘವಾದರೆ ಸಹಿಸಿಕೊಳ್ಳಿ.

ಸೆಕೆಂಡಿಗೆ 60 ಫ್ರೇಮ್ ಬೇಕೆಂದರೆ ಒಂದು ಫ್ರೇಮ್‌ಗೆ ಸಿಗುವುದು 16.67 ಮಿಲಿಸೆಕೆಂಡ್. ಶತ್ರುಗಳ ವರ್ತನೆ, ಧ್ವನಿ, ಅನಿಮೇಷನ್, ಬೆಳಕು, ಫಿಸಿಕ್ಸ್ ಎಲ್ಲವೂ ಅದರೊಳಗೇ ಮುಗಿಯಬೇಕು. ಇದರಲ್ಲಿ ಚಿತ್ರ ಬಿಡಿಸುವ ಕೆಲಸಕ್ಕೆ ಒಂದು ಅನುಕೂಲವಿದೆ: ಒಂದು ಪಿಕ್ಸೆಲ್‌ನ ಬಣ್ಣ ಪಕ್ಕದ ಪಿಕ್ಸೆಲ್‌ಗಾಗಿ ಕಾಯಬೇಕಿಲ್ಲ, ಆದ್ದರಿಂದ ಜಿಪಿಯುವಿನ (ಗ್ರಾಫಿಕ್ಸ್ ಕಾರ್ಡಿನ ಚಿಪ್‌ನ) ಸಾವಿರಾರು ಘಟಕಗಳಿಗೆ ಅದನ್ನು ಹಂಚಬಹುದು. ಒಂದರ ಮೇಲೊಂದು ಪೇರಿಸಿದ ಹತ್ತು ಪೆಟ್ಟಿಗೆಗಳ ಸಂಗತಿ ಹಾಗಲ್ಲ. ಕೆಳಗಿನ ಪೆಟ್ಟಿಗೆ ಎಷ್ಟು ಭಾರ ಹೊತ್ತಿದೆ ಎಂಬುದು ಮೇಲಿನ ಒಂಬತ್ತನ್ನೂ ಅವಲಂಬಿಸಿದೆ. ಸ್ಪರ್ಶಬಿಂದುಗಳನ್ನೆಲ್ಲ ಮತ್ತೆ ಮತ್ತೆ ತಿದ್ದುತ್ತಾ ಸರಿಯಾದ ಉತ್ತರದ ಹತ್ತಿರಕ್ಕೆ ಸರಿಯಬೇಕು. ಅದನ್ನು ಹಂಚಿ ಮಾಡುವುದು ಬಲು ಕಷ್ಟ.

ಎರಡನೆಯ ಕಾರಣ ಚರಿತ್ರೆಯಲ್ಲಿದೆ. ಅಜೀಯ ಎಂಬ ಕಂಪನಿ 2006ರಲ್ಲಿ ಫಿಸಿಕ್ಸ್ ಲೆಕ್ಕಗಳಿಗೆಂದೇ ಫಿಸ್‌ಎಕ್ಸ್ ಕಾರ್ಡನ್ನು ಮಾರುಕಟ್ಟೆಗೆ ತಂದಿತು. 2008ರಲ್ಲಿ ಎನ್‌ವಿಡಿಯಾ ಆ ಕಂಪನಿಯನ್ನು ಕೊಂಡು ಆ ಲೆಕ್ಕಗಳನ್ನು ತನ್ನ ಗ್ರಾಫಿಕ್ಸ್ ಕಾರ್ಡ್‌ಗಳ ಮೇಲೆ ಓಡಿಸತೊಡಗಿತು. ಆದರೆ ಎಲ್ಲರ ಬಳಿಯೂ ಆ ಕಾರ್ಡ್ ಇರಲಿಲ್ಲವಾದ್ದರಿಂದ, ಆಟದ ಗೆಲುವು ಸೋಲು ಅದರ ಮೇಲೆ ನಿಲ್ಲುವಂತೆ ಮಾಡಲು ಯಾವ ತಯಾರಕರಿಗೂ ಸಾಧ್ಯವಾಗಲಿಲ್ಲ. ಹಾರುವ ಬಟ್ಟೆ, ಹೊಗೆ, ಕಿಡಿ, ಗಾಜಿನ ಚೂರು ಇವಿಷ್ಟಕ್ಕೇ ಅದು ಸೀಮಿತವಾಯಿತು. ಚಿತ್ರದ ಗುಣಮಟ್ಟವನ್ನು ಪ್ರತಿ ಯಂತ್ರದ ಶಕ್ತಿಗೆ ತಕ್ಕಂತೆ ಏರಿಸಬಹುದು, ಇಳಿಸಬಹುದು. ಆಟದ ನಿಯಮವನ್ನು ಹಾಗೆ ಏರಿಳಿಸಲು ಬರುವುದಿಲ್ಲ. ಸೇತುವೆಯೊಂದು ಒಬ್ಬರ ಕಂಪ್ಯೂಟರಿನಲ್ಲಿ ಕುಸಿದು ಇನ್ನೊಬ್ಬರಲ್ಲಿ ನಿಲ್ಲುವಂತಿದ್ದರೆ ಅವರಿಬ್ಬರೂ ಆಡುತ್ತಿರುವುದು ಬೇರೆ ಬೇರೆ ಆಟಗಳನ್ನು.

ಹಲವರು ಸೇರಿ ಆಡುವ ಆಟಗಳಲ್ಲಿ ಇದು ಇನ್ನೂ ಬಿಗಿಯಾಗುತ್ತದೆ. 2015ರ 'ರಾಕೆಟ್ ಲೀಗ್' ಬುಲೆಟ್ ಎಂಬ ಫಿಸಿಕ್ಸ್ ಎಂಜಿನ್ ಅನ್ನು ಸೆಕೆಂಡಿಗೆ 120 ಸಲ ಓಡಿಸುತ್ತದೆ. ಚೆಂಡು ಎಲ್ಲಿದೆ ಎಂಬ ಅಂತಿಮ ತೀರ್ಮಾನ ಸರ್ವರ್‌ನದು. ಆದರೆ ಅದರ ಉತ್ತರ ಬರುವವರೆಗೆ ಕಾಯುತ್ತಾ ಕುಳಿತರೆ ಕಾರು ಜಡವಾಗಿ ಚಲಿಸಿದಂತೆ ಅನ್ನಿಸುವುದರಿಂದ, ಪ್ರತಿ ಆಟಗಾರರ ಯಂತ್ರವೂ ಮುಂದೇನಾಗಬಹುದೆಂದು ತಾನೇ ಲೆಕ್ಕ ಹಾಕಿ ತೋರಿಸಿ, ಸರ್ವರ್‌ನ ಉತ್ತರ ಬೇರೆಯಾಗಿದ್ದರೆ ಹಿಂದಿನ ಕ್ಷಣಕ್ಕೆ ಮರಳಿ ಮತ್ತೆ ಲೆಕ್ಕ ಹಾಕುತ್ತದೆ. ಅಲ್ಲಿರುವುದು ಒಂದು ಚೆಂಡು ಮತ್ತು ಕೆಲವು ಕಾರುಗಳು. ಅದರ ಜಾಗದಲ್ಲಿ ಕುಸಿಯುತ್ತಿರುವ ಬಹುಮಹಡಿ ಕಟ್ಟಡವನ್ನು ಕಲ್ಪಿಸಿಕೊಳ್ಳಿ. 2023ರ ಕೊನೆಯಲ್ಲಿ ಬಂದ 'ದಿ ಫೈನಲ್ಸ್' ಕಟ್ಟಡ ಕುಸಿಯುವ ಲೆಕ್ಕವನ್ನು ಸರ್ವರ್‌ನಲ್ಲೇ ನಡೆಸಿ, ಎಲ್ಲ ಆಟಗಾರರಿಗೂ ಒಂದೇ ಕುಸಿತವನ್ನು ತೋರಿಸಿದ್ದು ಈ ಕಾರಣಕ್ಕೇ ನನಗೆ ದೊಡ್ಡ ಸಾಧನೆಯಾಗಿ ಕಾಣುತ್ತದೆ.

ಇನ್ನು ಕೊನೆಯದು ವಿನ್ಯಾಸದ ಪ್ರಶ್ನೆ. ಎಲ್ಲ ಗೋಡೆಗಳೂ ಒಡೆಯುವಂತಿದ್ದರೆ, ಕಥೆಗಾಗಿ ಕಟ್ಟಿದ ದಾರಿಯನ್ನು ಆಟಗಾರರು ಬಿಟ್ಟುಬಿಡುವುದು ಖಚಿತ. ಬಹಳಷ್ಟು ದೊಡ್ಡ ಆಟಗಳು ಅದಕ್ಕೆ ಸಿದ್ಧವಾಗಿಲ್ಲ.

ಹೊಸ ಓದುಗ:

ಇಷ್ಟು ವಿವರವಾಗಿ ತಿಳಿಸಿದ್ದಕ್ಕೆ ಕೃತಜ್ಞ. ಕುರ್ಚಿಯ ಹಿಂದೆ ಇಷ್ಟೆಲ್ಲ ಇದೆಯೆಂದು ಊಹಿಸಿರಲಿಲ್ಲ.

ಗುರುತ್ವ:

ಸಮಯಮಿತಿ ಅವರ ಮಾತಿಗೆ ಒಂದು ಉದಾಹರಣೆಯನ್ನು ಸೇರಿಸಲೇಬೇಕು, ಏಕೆಂದರೆ ಅದು ಆ ಮಾತನ್ನು ಒಪ್ಪುತ್ತಲೇ ಮೀರುತ್ತದೆ. ನಿಂಟೆಂಡೋದ 2017ರ 'ಬ್ರೆತ್ ಆಫ್ ದಿ ವೈಲ್ಡ್' ತಯಾರಕರು ಚಲನೆಯ ಲೆಕ್ಕದ ಜೊತೆಗೆ ತಾವು 'ಕೆಮಿಸ್ಟ್ರಿ ಎಂಜಿನ್' ಎಂದು ಕರೆದ ಒಂದು ವ್ಯವಸ್ಥೆಯನ್ನು ರಚಿಸಿದರು. ಅದರ ನಿಯಮಗಳು ಮೂರೇ: ಬೆಂಕಿ, ನೀರು, ವಿದ್ಯುತ್, ಗಾಳಿಯಂಥ ಮೂಲಾಂಶಗಳು ವಸ್ತುಗಳ ಸ್ಥಿತಿಯನ್ನು ಬದಲಿಸಬಲ್ಲವು, ಮೂಲಾಂಶಗಳು ಪರಸ್ಪರ ಒಂದನ್ನೊಂದು ಬದಲಿಸಬಲ್ಲವು, ವಸ್ತುಗಳು ವಸ್ತುಗಳ ಸ್ಥಿತಿಯನ್ನು ಬದಲಿಸಲಾರವು. ಈ ಮೂರರಿಂದ ಹುಲ್ಲಿಗೆ ಬೆಂಕಿ ಹಚ್ಚಿ, ಮೇಲೇಳುವ ಬಿಸಿಗಾಳಿಯಲ್ಲಿ ತೇಲಿ, ಶತ್ರುಗಳ ತಲೆಯ ಮೇಲಿಂದ ಹಾರುವ ಉಪಾಯ ತಾನಾಗಿ ಹುಟ್ಟುತ್ತದೆ.

2023ರ 'ಟಿಯರ್ಸ್ ಆಫ್ ದಿ ಕಿಂಗ್‌ಡಮ್' ಇನ್ನೂ ಮುಂದೆ ಹೋಗಿ, ಹಲಗೆ, ಚಕ್ರ, ಫ್ಯಾನ್ ಹೀಗೆ ಸಿಕ್ಕಿದ್ದನ್ನೆಲ್ಲ ಅಂಟಿಸಿ ವಾಹನ ಕಟ್ಟುವ ಶಕ್ತಿಯನ್ನು ಆಟಗಾರರಿಗೆ ಕೊಟ್ಟಿತು. ಆಗ ಒಂದು ತೊಡಕು ಎದುರಾಯಿತು: ಮೊದಲೇ ಬರೆದಿಟ್ಟ ಅನಿಮೇಷನ್ ಪ್ರಕಾರ ತಿರುಗುವ ಬಾಗಿಲು, ಹಲ್ಲುಚಕ್ರಗಳಂಥವು ಯಾವ ಅಡ್ಡಿಗೂ ಮಣಿಯದೆ, ಅಡ್ಡ ಬಂದ ವಸ್ತುಗಳ ಒಳಗೇ ನುಗ್ಗುತ್ತಿದ್ದವು. ತಯಾರಕರು ಅಂಥವನ್ನೆಲ್ಲ ತೆಗೆದು, ಪ್ರತಿಯೊಂದು ವಸ್ತುವೂ ಬಲದಿಂದಲೇ ಚಲಿಸುವಂತೆ ಬದಲಿಸಿದರು. ಇದೆಲ್ಲ ನಡೆಯುವುದು 2017ರ ಸ್ವಿಚ್ ಯಂತ್ರದಲ್ಲಿ, ಅಂದರೆ ಇಂದಿನ ದೊಡ್ಡ ಕಾರ್ಡ್‌ಗಳ ಮುಂದೆ ನಿಲ್ಲಲಾಗದ ಶಕ್ತಿಯ ಯಂತ್ರದಲ್ಲಿ. ಅಲ್ಲಿ ಎಲೆಗಳ ಮೇಲಿನ ಬೆಳಕು ಸರಳವಾಗಿದೆ. ಏನನ್ನು ಬಿಟ್ಟುಕೊಡಬೇಕೆಂದು ಅವರು ಮೊದಲೇ ನಿರ್ಧರಿಸಿದ್ದರೆಂದು ನಾನು ಓದಿಕೊಳ್ಳುತ್ತೇನೆ, ಮತ್ತು ಆ ನಿರ್ಧಾರಕ್ಕೆ ನನ್ನ ಪೂರ್ಣ ಗೌರವವಿದೆ.

ಕಣಕಣ:

ಬಿಟ್ಟುಕೊಡುವ ಮಾತು ಬಂದದ್ದರಿಂದ 'ನೋಯಿಟಾ'ದ ಬಗ್ಗೆ ಬರೆಯುತ್ತೇನೆ. ಫಿನ್‌ಲ್ಯಾಂಡಿನ ನೊಲ್ಲಾ ಗೇಮ್ಸ್ 2020ರಲ್ಲಿ ಪೂರ್ಣಗೊಳಿಸಿದ ಈ ಆಟ ಮೂರನೆಯ ಆಯಾಮವನ್ನೇ ಬಿಟ್ಟುಕೊಟ್ಟಿತು. ಅದಕ್ಕೆ ಪ್ರತಿಯಾಗಿ ಅಲ್ಲಿನ ಪ್ರತಿ ಪಿಕ್ಸೆಲ್ಲೂ ಮರಳು, ನೀರು, ಎಣ್ಣೆ, ಆಮ್ಲ, ಹೊಗೆ ಎಂಬ ಯಾವುದೋ ಒಂದು ವಸ್ತುವಾಗಿದೆ. ಮರಳಿನ ಕಣ ಕೆಳಗೆ ಜಾಗವಿದ್ದರೆ ಕೆಳಗೆ, ಇಲ್ಲದಿದ್ದರೆ ಓರೆಯಾಗಿ ಕೆಳಕ್ಕೆ ಜಾರುತ್ತದೆ. ನೀರಾದರೆ ಅಕ್ಕಪಕ್ಕಕ್ಕೂ ಹರಿಯುತ್ತದೆ. ಇಂಥ ಪುಟ್ಟ ನಿಯಮಗಳಿಂದ ಪ್ರವಾಹವೂ ಕಾಳ್ಗಿಚ್ಚೂ ಮೂಡುತ್ತವೆ. ಜಗತ್ತನ್ನು 64 ಬಾರಿ 64 ಪಿಕ್ಸೆಲ್‌ಗಳ ತುಂಡುಗಳಾಗಿ ವಿಂಗಡಿಸಿ, ಪ್ರತಿ ತುಂಡಿನಲ್ಲಿ ಚಲನೆ ಇರುವ ಭಾಗವನ್ನಷ್ಟೇ ಲೆಕ್ಕಕ್ಕೆ ತೆಗೆದುಕೊಂಡು, ಒಂದಕ್ಕೊಂದು ತಾಗದ ತುಂಡುಗಳನ್ನು ಪ್ರೊಸೆಸರ್‌ನ ಬೇರೆ ಬೇರೆ ಭಾಗಗಳಿಗೆ ಹಂಚುತ್ತಾರೆ. ಮರದ ಹಲಗೆಯಂಥ ಗಟ್ಟಿ ವಸ್ತುಗಳಿಗೆ ಬಾಕ್ಸ್2ಡಿ ಎಂಬ ಬೇರೆ ಎಂಜಿನ್ ಇದೆ. ಈ ಎರಡನ್ನು ಬೆಸೆದ ಬಗೆಯನ್ನು ನಾನು ಎಷ್ಟು ಸಲ ನೆನೆದರೂ ಮನಸ್ಸು ತಣಿಯುವುದಿಲ್ಲ.

ನೆರಳುಬೆಳಕು:

'ಹಾಫ್-ಲೈಫ್: ಅಲಿಕ್ಸ್' ಬಗ್ಗೆ ಯಾರೂ ಹೇಳಲಿಲ್ಲ. ತಲೆಗೆ ಕನ್ನಡಕದಂಥ ಸಾಧನ ತೊಟ್ಟು ಆಡುವ 2020ರ ಈ ವಿಆರ್ ಆಟಕ್ಕೆ ಬಿಡುಗಡೆಯಾದ ಕೆಲವು ವಾರಗಳ ನಂತರ ಒಂದು ಅಪ್‌ಡೇಟ್‌ನಲ್ಲಿ ಬಾಟಲಿಗಳೊಳಗೆ ದ್ರವ ಸೇರಿಸಿದರು. ಬಾಟಲಿಯನ್ನು ಕೈಯಲ್ಲಿ ಅಲುಗಾಡಿಸಿದರೆ ದ್ರವ ತುಳುಕುತ್ತದೆ, ನೊರೆ ಏಳುತ್ತದೆ, ಅದರ ಮೂಲಕ ನೋಡಿದರೆ ಆಚೆಯ ಕೋಣೆ ಬಾಗಿ ಕಾಣುತ್ತದೆ. ಆದರೆ ಅಲ್ಲಿ ಒಂದು ಹನಿ ದ್ರವವೂ ಇಲ್ಲ. ಬಾಟಲಿಯ ಚಲನೆಯನ್ನು ಗಮನಿಸಿ ದ್ರವದ ಮೇಲ್ಮೈಯನ್ನು ಓರೆಯಾಗಿಸುವ ಶೇಡರ್, ಅಂದರೆ ಪಿಕ್ಸೆಲ್‌ಗಳ ಬಣ್ಣವನ್ನು ಲೆಕ್ಕ ಹಾಕುವ ಪುಟ್ಟ ಪ್ರೋಗ್ರಾಂ ಅಷ್ಟೇ. ಗುರುತ್ವ ಅವರ ಅಳತೆಗೋಲಿನ ಪ್ರಕಾರ ಇದು ಗೌಣವಾಗಬೇಕು. ಆದರೆ ಆ ಬಾಟಲಿ ಕೈಯಲ್ಲಿದ್ದಾಗ ಅದರ ತೂಕ ನನಗೆ ಅನುಭವಕ್ಕೆ ಬಂತು.

ಗುರುತ್ವ:

ಈ ಉದಾಹರಣೆಗೆ ನಾನು ಮಣಿಯುತ್ತೇನೆ. ಆಟಗಾರರು ಆ ದ್ರವವನ್ನು ಸುರಿದು ಏನನ್ನೂ ಸಾಧಿಸಬೇಕಿಲ್ಲವಾದ್ದರಿಂದ ಕಣಕಣವಾಗಿ ಲೆಕ್ಕ ಹಾಕಿದ್ದರೂ ಹೆಚ್ಚಿನ ಲಾಭವಿರುತ್ತಿರಲಿಲ್ಲ. ಬೇಕಾಗಿದ್ದುದು ಕೈಗೂ ಕಣ್ಣಿಗೂ ಹೊಂದಾಣಿಕೆ, ಅದನ್ನು ಶೇಡರ್ ಒದಗಿಸಿತು. ಸುರಿದ ನೀರಿನಿಂದ ಬೆಂಕಿ ನಂದಿಸಬೇಕಾದ ಆಟದಲ್ಲಿ ಅದೇ ಉಪಾಯ ಮೊದಲ ನಿಮಿಷದಲ್ಲೇ ಬಯಲಾಗುತ್ತಿತ್ತು.

ಹಾಗೆಯೇ ನನ್ನ ಮೆಚ್ಚಿನ 'ಟಿಯರ್‌ಡೌನ್'ನ ಕೊರತೆಯನ್ನೂ ಪ್ರಾಮಾಣಿಕವಾಗಿ ಹೇಳಬೇಕು. ಅಲ್ಲಿ ಕಟ್ಟಡದ ಕಂಬಗಳನ್ನೆಲ್ಲ ಒಡೆದು ಒಂದೇ ಒಂದು ವೋಕ್ಸೆಲ್ ಉಳಿಸಿದರೂ ಇಡೀ ಮನೆ ಅದರ ಮೇಲೆ ನಿಂತುಬಿಡುತ್ತದೆ, ಏಕೆಂದರೆ ಆ ಆಟ ಬೇರ್ಪಟ್ಟಿದೆಯೇ ಇಲ್ಲವೇ ಎಂಬುದನ್ನು ನೋಡುತ್ತದೆಯೇ ಹೊರತು ಭಾರ ಹೊರುವ ಶಕ್ತಿಯನ್ನು ಲೆಕ್ಕಿಸುವುದಿಲ್ಲ. 2009ರ 'ರೆಡ್ ಫ್ಯಾಕ್ಷನ್: ಗೆರಿಲ್ಲಾ' ಅದನ್ನು ಲೆಕ್ಕಿಸುತ್ತಿತ್ತು. ಅದರ ತಯಾರಿಕೆಯ ಸಮಯದಲ್ಲಿ ಕಲಾವಿದರು ಚಂದಕ್ಕೆಂದು ರಚಿಸಿದ ಕಟ್ಟಡಗಳು ತಮ್ಮ ಭಾರಕ್ಕೆ ತಾವೇ ಕುಸಿದವಂತೆ. ಕೊನೆಗೆ ಕಂಬ ಎಲ್ಲಿರಬೇಕು, ತೊಲೆ ಎಷ್ಟು ದಪ್ಪವಿರಬೇಕು ಎಂಬುದನ್ನು ಕಟ್ಟಡ ಕಟ್ಟುವವರಂತೆ ಯೋಚಿಸಿ ಮತ್ತೆ ರಚಿಸಬೇಕಾಯಿತು. ಅಷ್ಟು ಹಿಂದೆ ಸಾಧ್ಯವಾದದ್ದು ಇಂದಿಗೂ ಅಪರೂಪವಾಗಿಯೇ ಉಳಿದಿರುವುದು ನನಗೆ ನಿಜವಾಗಿಯೂ ಬೇಸರ ತರುತ್ತದೆ.

ಕಕ್ಷೆ:

ತಡವಾಗಿ ಬಂದಿದ್ದೇನೆ, ಒಂದೇ ಸಂಗತಿ ಹೇಳುತ್ತೇನೆ. ಆಟಗಳು ಸ್ಥಾನವನ್ನು ಸಾಮಾನ್ಯವಾಗಿ 32 ಬಿಟ್‌ಗಳ ಫ್ಲೋಟಿಂಗ್ ಪಾಯಿಂಟ್ ಸಂಖ್ಯೆಯಲ್ಲಿ, ಅಂದರೆ ಬೆಲೆ ದೊಡ್ಡದಾದಷ್ಟೂ ನಿಖರತೆ ಕುಗ್ಗುವ ಬಗೆಯ ಸಂಖ್ಯೆಯಲ್ಲಿ, ಇಟ್ಟುಕೊಳ್ಳುತ್ತವೆ. ಮೂಲಬಿಂದುವಿನಿಂದ 100 ಕಿಲೋಮೀಟರ್ ದೂರದಲ್ಲಿ ಆ ಸಂಖ್ಯೆಯ ಅತಿ ಸಣ್ಣ ಹೆಜ್ಜೆ ಸುಮಾರು 8 ಮಿಲಿಮೀಟರ್ ಆಗಿಬಿಡುತ್ತದೆ. ಇನ್ನೂ ದೂರ ಹೋದರೆ ವಸ್ತುಗಳು ನಡುಗತೊಡಗುತ್ತವೆ. ಗ್ರಹಗಳು ನಿಜವಾಗಿಯೂ ಸೂರ್ಯನನ್ನು ಸುತ್ತುವ 2019ರ 'ಔಟರ್ ವೈಲ್ಡ್ಸ್' ಇದಕ್ಕೆ ಕಂಡುಕೊಂಡ ಪರಿಹಾರವೆಂದರೆ ಆಟಗಾರರನ್ನು ಸದಾ ಮೂಲಬಿಂದುವಿನಲ್ಲೇ ಇರಿಸಿ, ಸೌರಮಂಡಲವನ್ನೇ ಅವರ ಸುತ್ತ ಸರಿಸುವುದು. ನೀವು ನೆಗೆದಾಗ ಲೆಕ್ಕದ ಪ್ರಕಾರ ಗ್ರಹವೇ ನಿಮ್ಮಿಂದ ದೂರ ಹೋಗುತ್ತದೆ.

ಹೊಸ ಓದುಗ:

ಎಲ್ಲವನ್ನೂ ಎರಡು ಸಲ ಓದಿದೆ. ಮೊದಲು 'ಟಿಯರ್‌ಡೌನ್' ಆಡಬೇಕೆಂದಿದ್ದೇನೆ. ನೆರಳುಬೆಳಕು ಅವರು ಹೇಳಿದ ಬೆಳಕನ್ನೂ ಗುರುತ್ವ ಅವರು ಹೇಳಿದ ಒಡೆತವನ್ನೂ ಒಟ್ಟಿಗೆ ಗಮನಿಸಲು ಏನು ಮಾಡಬೇಕು?

ನೆರಳುಬೆಳಕು:

ಕಿಟಕಿಯಿಲ್ಲದ, ಕತ್ತಲಾದ ಒಂದು ಕೋಣೆಯೊಳಗೆ ಹೋಗಿ ನಿಂತು, ಸುತ್ತಿಗೆಯಿಂದ ಮರದ ಹೊರಗೋಡೆಗೆ ಒಂದು ಏಟು ಹಾಕಿ. ಗೋಡೆ ತೂತಾಗಿ ನೆಲದ ಮೇಲೆ ಹೊರಗಿನ ಬೆಳಕು ಬೀಳುತ್ತದೆ. ಡಿಕ್ಕಿಯ ಲೆಕ್ಕಕ್ಕೆ ಆಧಾರವಾದ ವೋಕ್ಸೆಲ್‌ಗಳ ನಡುವೆಯೇ ಆ ಆಟ ಬೆಳಕಿನ ಕಿರಣಗಳನ್ನೂ ಕಳಿಸುತ್ತದೆ, ಅದಕ್ಕೆ ಆರ್‌ಟಿಎಕ್ಸ್‌ನಂಥ ಕಾರ್ಡ್ ಕೂಡ ಬೇಕಿಲ್ಲ. ಆಮೇಲೆ ಅದೇ ತೂತಿನ ಪಕ್ಕದಲ್ಲಿ ಇನ್ನೊಂದು ಏಟು ಹಾಕಿ, ನೆಲದ ಮೇಲಿನ ಬೆಳಕಿನ ಅಂಚು ಬದಲಾಗುವುದನ್ನು ನೋಡಿ.